ಲೆಚೂಸಾಳ ಕೊರಳಿಗೆ ನೀಲಿ ಬೋ

"ನಿಲ್ರೋ! ನಿಲ್ರೋ ಅಂದ್ರೆ!"

ರುಫೀನಾ ಕಿರುಚಿದ ರಭಸಕ್ಕೆ ಬೇಲಿಯ ಮೇಲಿದ್ದ ಹಕ್ಕಿಗಳು ಹಾರಿಹೋದವು. ಕುದುರೆಗಳೂ ಹೋದವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಒಂದು ಬಾಲ ಆ ಕಡೆ ಮಾಯ, ಎರಡು ಬಾಲ ಈ ಕಡೆ ಮಾಯ. ಗೇಟು ಹಾಕಲೆಂದು ಅವಳು ಕೆಳಗಿಳಿದದ್ದೇ ತಡ, ಅವಳು ಕೂತಿದ್ದ ಕುದುರೆಯೂ ಹೊರಟುಬಿಟ್ಟಿತ್ತು.

ಎಂಟು ಗಂಟೆಗೆ ಆರು ಕುದುರೆಗಳು ಶಾಲೆಯ ಮುಂದಿರಬೇಕು. ಹಬ್ಬದ ಮೆರವಣಿಗೆಯಲ್ಲಿ ಅವಳೂ ಸೇರಿ ಕ್ಲಾಸಿನ ಆರು ಮಕ್ಕಳು ಕುದುರೆಯೇರಿ ಹೋಗುವವರಿದ್ದರು. ಕುದುರೆ ಬರದಿದ್ದರೆ ಮೆರವಣಿಗೆಯಿಲ್ಲ.

"ನಾನೊಬ್ಳೇ ತರ್ತೀನಿ, ಗ್ಯಾಲಪ್ ಮಾಡಿಸ್ಕೊಂಡು!" ಎಂದು ಅವಳು ನಿನ್ನೆ ಎಲ್ಲರ ಮುಂದೆ ಹೇಳಿದ್ದಳು. "ನಡೆಯೋಕೆ ಮುಂಚೆನೇ ಕುದುರೆ ಹತ್ತಿದೋಳು ನಾನು!"

ಅದೇನೂ ಸುಳ್ಳಲ್ಲ. ಹತ್ತಿದ್ದು ನಿಜ. ಅಜ್ಜನ ತೊಡೆಯ ಮೇಲೆ, ಬಾಯಲ್ಲಿ ಬೆರಳಿಟ್ಟುಕೊಂಡು, ನಿದ್ದೆ ಮಾಡುತ್ತ.

ಓಡಿಹೋಗದೆ ಉಳಿದದ್ದು ಒಂದೇ ಕುದುರೆ, ಮುದುಕಿ ಲೆಚೂಸಾ. ಅವಳಿಗೆ ಒಂದು ಕಣ್ಣು ಕಾಣುವುದಿಲ್ಲ, ಬೆನ್ನು ಬಗ್ಗಿದೆ, ಕೊರಳಲ್ಲಿ ದೊಡ್ಡ ಗಂಟೆ. ಮೆರವಣಿಗೆಗೆ ಅವಳು ಬೇಕಿರಲಿಲ್ಲ. ಆದರೂ ಬೆಳಿಗ್ಗೆ ತಾನಾಗಿಯೇ ಜೊತೆಗೆ ಹೊರಟಿದ್ದಳು, ಡಣ್ ಡಣ್ ಎನ್ನುತ್ತ.

'ಹಾಲು ಕರೆಯೋಕೆ ಹಸು ತಂದ್ಯಾ?' ಎಂದು ಕ್ಲಾಸಿನ ಬಸಿಲಿಯೋ ಗಂಟೆ ಕೇಳಿ ಖಂಡಿತ ನಗುತ್ತಾನೆ. ಹೀಗೆ ಯೋಚಿಸಿದ ರುಫೀನಾ, ತನ್ನ ಬಿಳಿ ಯೂನಿಫಾರ್ಮಿನ ಕೊರಳಲ್ಲಿದ್ದ ನೀಲಿ ರಿಬ್ಬನ್ನಿನ ಬೋ ಬಿಚ್ಚಿ, ಗಂಟೆಯ ನಾಲಿಗೆಯನ್ನು ಬಿಗಿಯಾಗಿ ಕಟ್ಟಿದ್ದಳು. ಗಂಟೆ ಸುಮ್ಮನಾಗಿತ್ತು. ಕುದುರೆಗಳು ದಿಕ್ಕಾಪಾಲಾಗಿದ್ದವು.

ಗೇಟಿನಾಚೆ ಅಜ್ಜ ಕಲ್ಲಿನ ಮೇಲೆ ಕೂತು ಮಾಟೆ ಕಷಾಯ ಹೀರುತ್ತಿದ್ದ.

"ಕುದುರೆಗಳೆಲ್ಲಿ ಪುಟ್ಟೀ?"

"ಹೋದ್ವು."

"ಯಾವ ಕಡೆ?"

"ಎಲ್ಲಾ ಕಡೆ."

ಅಜ್ಜ ಕೊಳವೆಯನ್ನು ಸೊರ್ ಎಂದು ಹೀರಿದ. "ನಿನ್ನ ಬೋ?"

ರುಫೀನಾಳ ಕೈ ಕೊರಳಿಗೆ ಹೋಯಿತು. "ಅಜ್ಜಾ, ಒಂದ್ಸಲ ಸಿಳ್ಳೆ ಹಾಕಜ್ಜಾ. ನೀನು ಕರೆದ್ರೆ ಬರ್ತಾವೆ."

"ನಾನು ಕರೆದ್ರಾ?" ಅಜ್ಜನಿಗೆ ನಗು ಬಂದು ಕಷಾಯ ನೆತ್ತಿಗೇರಿತು. "ನಲವತ್ತು ವರ್ಷ ಕರೆದಿದೀನಿ ಕಣೇ, ಒಂದೂ ತಿರುಗಿ ನೋಡಿಲ್ಲ. ಅವು ಬರೋದು ಲೆಚೂಸಾ ಹಿಂದೆ. ನಾನೂ ಅಷ್ಟೇ."

ರುಫೀನಾ ಬೋ ಬಿಚ್ಚಿದಳು. ಅದಕ್ಕೆ ತುಕ್ಕು ಮೆತ್ತಿತ್ತು. ಲೆಚೂಸಾಳ ಹಗ್ಗ ಹಿಡಿದು ಎಳೆದಳು. ಲೆಚೂಸಾ ಅಲುಗಲಿಲ್ಲ. "ನಡಿಯೇ!" ಎಂದು ಗದರಿದಳು. ಲೆಚೂಸಾ ಕಾಣದ ಕಣ್ಣನ್ನೇ ಅವಳ ಕಡೆ ತಿರುಗಿಸಿ ಹುಲ್ಲು ಮೇಯತೊಡಗಿದಳು.

ಬೈಗುಳ ಮುಗಿದವು. ಕೈ ಸೋತಿತು. ಹಗ್ಗವನ್ನು ಸಡಿಲ ಬಿಟ್ಟು ರುಫೀನಾ ಸುಮ್ಮನೆ ನಿಂತಳು. ಆಗ ಮುದುಕಿ ತಲೆಯೆತ್ತಿ, ಮೂಗಿನಿಂದ ಅವಳ ಭುಜವನ್ನು ಮೆಲ್ಲಗೆ ತಳ್ಳಿ, ನಡೆಯತೊಡಗಿದಳು.

ಡಣ್. ಡಣ್.

ಮಂಜಿನೊಳಗಿಂದ ಒಂದು ಕೆನೆತ ಕೇಳಿಸಿತು. ಒಂದು ಕಂದು ಮೂತಿ ಕಾಣಿಸಿತು. ಆಮೇಲೆ ಎರಡು ಕಿವಿ. ತಿರುಗಿ ನೋಡಬೇಕೆಂದು ರುಫೀನಾಳಿಗೆ ಎಷ್ಟೋ ಆಸೆಯಾಯಿತು, ನೋಡಲಿಲ್ಲ. ಬೆನ್ನ ಹಿಂದಿನ ಗೊರಸಿನ ಸದ್ದನ್ನಷ್ಟೇ ಎಣಿಸಿದಳು. ಮೂರು, ನಾಲ್ಕು, ಐದು. ಹಳ್ಳ ದಾಟುವಾಗ ಆರು.

ಶಾಲೆ ತಲುಪಿದಾಗ ಎಂಟೂಕಾಲು. ಎಲ್ಲರೂ ಬೇಲಿಯ ಹತ್ತಿರವೇ ಕಾಯುತ್ತಿದ್ದರು.

"ಏನೇ, ಗ್ಯಾಲಪ್ ಅಂದಿದ್ದೆ?" ಬಸಿಲಿಯೋ ಕೂಗಿದ.

"ಆಯ್ತಲ್ಲ ಗ್ಯಾಲಪ್! ನನ್ನ ಬಿಟ್ಟು ಓಡೋವಾಗ ಎಷ್ಟು ಚೆನ್ನಾಗಿ ಮಾಡಿದ್ವು ಗೊತ್ತಾ!" ಎಂದಳು ರುಫೀನಾ. ಬಸಿಲಿಯೋಗಿಂತ ಜೋರಾಗಿ ನಕ್ಕವಳು ಅವಳೇ.

ಉಳಿದ ಐದು ಮಕ್ಕಳೂ ಕುದುರೆ ಹತ್ತಿದರು. ಒಬ್ಬಳು ಕಡಿವಾಣ ಸಿಕ್ಕಿಸಿಕೊಂಡು ಪೇಚಾಡುತ್ತಿದ್ದಳು. 'ಬೇಗ! ಎಲ್ಲಾ ನನ್ನ ಹಿಂದೆ ಬನ್ನಿ!' ಎನ್ನಲು ರುಫೀನಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಆ ಹುಡುಗಿ ಬಿಡಿಸಿಕೊಳ್ಳುವವರೆಗೂ ಕಾದಳು.

"ರುಫೀನಾ, ನಿನ್ನ ಕುದುರೆ ಖಾಲಿ ಇದೆಯಲ್ಲ? ಮತ್ತೆ ಬೋ ಎಲ್ಲಮ್ಮಾ?" ಎಂದರು ಟೀಚರ್.

ರುಫೀನಾ ತೋರಿಸಿದಳು. ಲೆಚೂಸಾಳ ಕೊರಳಲ್ಲಿ, ಗಂಟೆಯ ಪಕ್ಕದಲ್ಲೇ, ತುಕ್ಕು ಮೆತ್ತಿದ ನೀಲಿ ಬೋ ಇತ್ತು.

"ಮುಂದೆ ಹೋಗೋದು ಅವಳು ಟೀಚರ್. ನಾನು ಜೊತೆಗೆ ನಡ್ಕೊಂಡ್ ಬರ್ತೀನಿ."

ಹಗ್ಗವನ್ನು ಸಡಿಲವಾಗಿಯೇ ಹಿಡಿದಳು.

ಡಣ್. ಡಣ್.