ಫಕೀರೇಶನ ಕೈ

ಹುಬ್ಬಳ್ಳಿಯ ದೊಡ್ಡ ಮಳಿಗೆಯೊಂದರಲ್ಲಿ ಹೊಸ ಆಟದ ಯಂತ್ರದ ಪ್ರದರ್ಶನ ನಡೆದಿತ್ತು. ಎಂದೂ ವಿಡಿಯೋ ಗೇಮ್ ಮುಟ್ಟದ ಗೃಹಿಣಿಯೊಬ್ಬರು ಮಣಿಕಟ್ಟಿಗೆ ‘ನರಕಂಕಣ’ ಕಟ್ಟಿಕೊಂಡು ಕುಳಿತರು. ಪರದೆಯ ಮೇಲೆ ಅವರ ವಿಮಾನ ಕಡಿದಾದ ಕಣಿವೆಗೆ ನುಗ್ಗಿ, ಕೊಂಚ ಎಡಕ್ಕೆ ಮುಗ್ಗರಿಸಿ, ಇನ್ನೇನು ಬಂಡೆಗೆ ಬಡಿಯಿತು ಎನ್ನುವಷ್ಟರಲ್ಲಿ ಮೇಲೆದ್ದಿತು. ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಫಕೀರೇಶ ಮಾತ್ರ ಬೆವರಿದ. ಆ ತಿರುವು ಅವನದು.

ಬೆರಳು ಅಲುಗುವ ಮೊದಲೇ ನರಗಳ ಸಂಕೇತವನ್ನು ಹಿಡಿಯುವ ಈ ಸಾಧನವನ್ನು ರೂಪಿಸಿದವರು ಡಾ. ವಾರಿಜಾ ಕಿತ್ತೂರ. ಆಟವೇ ಉಸಿರಾಗಿದ್ದ ಫಕೀರೇಶನಂಥವರು ಅವರ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಕುಳಿತು ಅದರ ದೋಷಗಳನ್ನು ತಿದ್ದಿಸಿದ್ದರು; ಅವರ ನರಸಂಕೇತಗಳೆಲ್ಲ ಅಲ್ಲಿ ದಾಖಲಾಗಿದ್ದವು. ಯಂತ್ರ ಮಾರುಕಟ್ಟೆಗೆ ಬಂದಾಗ ಮೊದಲು ಕೊಂಡವರೂ ಅವರೇ. ಆಮೇಲೆ ಮಾರಾಟ ನಿಂತುಬಿಟ್ಟಿತು. ಊಟವಾದ ಮೇಲೆ ಸ್ವಲ್ಪ ಹೊತ್ತು ಕಳೆಯಲು ಆಡುವ ಬಹುಜನರಿಗೆ ಅದು ಕಬ್ಬಿಣದ ಕಡಲೆ. ಅವರು ಕೊಳ್ಳದೆ ಕಂಪನಿ ಉಳಿಯುವಂತಿರಲಿಲ್ಲ. ಆಗ ಬಂದದ್ದು ‘ಕೈಯಾಸರೆ’: ನುರಿತ ಆಟಗಾರನ ನರಸಂಕೇತವನ್ನು ಕಂಕಣದ ಮೂಲಕ ಹೊಸಬರ ಸ್ನಾಯುಗಳಿಗೆ ಹರಿಸುವ ವ್ಯವಸ್ಥೆ. ಮಳಿಗೆಯಲ್ಲಿ ತೋರಿಸಿದ್ದು ಅದನ್ನೇ.

ಫಕೀರೇಶ ನೇರವಾಗಿ ಪ್ರಯೋಗಾಲಯಕ್ಕೆ ಹೋದ. ವಾರಿಜಾ ಅವರನ್ನು ‘ಅಕ್ಕಾರ’ ಎನ್ನುತ್ತಿದ್ದವನು ಅಂದು ಹಾಗೆ ಕರೆಯಲಿಲ್ಲ.

“ಮೇಡಂ, ಅದು ನನ್ನ ಕೈ ರೀ.”

“ಒಬ್ಬರದಲ್ಲ ಫಕೀರೇಶ. ಎಲ್ಲಾರದೂ ಕೂಡಿಸಿದ ಸರಾಸರಿ.”

“ಸರಾಸರಿ ಎಡಕ್ಕ ಮುಗ್ಗರಸ್ತದೇನ್ರಿ? ಸಣ್ಣಾಂವಿದ್ದಾಗ ನನ್ನ ಹೆಬ್ಬೆರಳು ಮುರದಿತ್ತು. ಅದಕ್ಕ ನಾ ಹಂಗ ತಿರುಗಸ್ತೀನಿ.”

ವಾರಿಜಾ ಕನ್ನಡಕ ತೆಗೆದಿಟ್ಟರು. “ನಿಂದ ಎಲ್ಲಾರಕಿಂತ ಛಲೋ ಇತ್ತು. ಹಾಕಿದ್ವಿ.”

“ಒಂದು ಮಾತು ಕೇಳಬೇಕಿತ್ತು.”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಯಂತ್ರ ಕಟ್ಟಿದಾವರು ನೀವು, ಖರೆ. ಅದನ್ನ ಬದುಕಿಸಾವರು ಈಗ ಕೊಳ್ಳೋ ಹೊಸಾ ಮಂದಿ.”

ಮಾರಾಟ ಏರುತ್ತ ಹೋಯಿತು. ಫಕೀರೇಶನಿಗೆ ಉಳಿದದ್ದು ಧಾರವಾಡದ ವಾರ್ಷಿಕ ಸ್ಪರ್ಧೆಯೊಂದೇ. ಅಲ್ಲಿ ಕೈಯಾಸರೆ ನಿಷಿದ್ಧ. ಆಟಗಾರನ ಸಂಕೇತವನ್ನು ಕೈಯಾಸರೆಯ ಮೂಲ ಸಂಕೇತದೊಡನೆ ಹೋಲಿಸಿ, ಎರಡೂ ಒಂದೇ ಆದರೆ ಮೋಸವೆಂದು ಸಾರುವ ಉಪಕರಣವನ್ನು ಈ ಸಲ ಹೊಸದಾಗಿ ಇಟ್ಟಿದ್ದರು.

ಮೊದಲ ಸುತ್ತಿನಲ್ಲೇ ಕೆಂಪು ದೀಪ ಹೊತ್ತಿತು. ಸಭಾಂಗಣದಲ್ಲಿ ಕೂಗು ಎದ್ದಿತು. “ನಾ ಕೈಯಾಸರೆ ಹಾಕ್ಕೊಂಡಿಲ್ರಿ!” ಎಂದು ಫಕೀರೇಶ ಕಂಕಣ ಬಿಚ್ಚಿ, ಅಂಗಿಯ ತೋಳು ಮಡಚಿ ಬರಿಗೈ ತೋರಿಸಿದ. ತೀರ್ಪುಗಾರರು ಅತಿಥಿಗಳ ಸಾಲಿನಲ್ಲಿದ್ದ ವಾರಿಜಾ ಅವರತ್ತ ತಿರುಗಿದರು. ನಿಜ ಹೇಳಿದರೆ ಆ ಸಂಕೇತ ಯಾರಿಂದ ಬಂತು, ಹೇಗೆ ಬಂತು ಎಂಬುದೂ ಹೊರಬೀಳುತ್ತಿತ್ತು. ಅವರು ಪಕ್ಕದಲ್ಲಿದ್ದ ಕಂಪನಿಯ ನಿರ್ದೇಶಕರ ಮುಖ ನೋಡಿದರು.

“ಉಪಕರಣ ತಪ್ಪು ಹೇಳೂದಿಲ್ಲ,” ಎಂದರು ವಾರಿಜಾ.

ಫಕೀರೇಶ ವೇದಿಕೆ ಇಳಿದು ಹೊರಟ. ಬಾಗಿಲ ಬಳಿ ಪಂದ್ಯ ನೋಡಲು ಬಂದಿದ್ದ ಹಿರಿಯರೊಬ್ಬರು ಮರುಗಿ, ಅವನ ಭುಜದ ಮೇಲೆ ಕೈಯಿಟ್ಟರು.

“ನಾಚಗೋಬ್ಯಾಡ ತಮ್ಮಾ. ಆಸರಾ ಇಲ್ದ ನಮಗೂ ಆಡಾಕ ಬರೂದಿಲ್ಲ.”