ಮೂಗಿನ ಮೇಲಿನ ಹೊಸ ಚರ್ಮ

“ಆ ಗಾಯ ಎಷ್ಟು ದಿನದಿಂದ ಐತಿ?”

ಹೆಣ್ಣು ನೋಡಲು ಬಂದವನು ಕೇಳಿದ ಮೊದಲ ಪ್ರಶ್ನೆ ಇದು!

ವಿಜಯಶ್ರೀಗೆ ಸಿಟ್ಟಿನಿಂದ ಕಿವಿ ಬಿಸಿಯಾದವು. ‘ಇಬ್ಬರೂ ಮಾತಾಡಿಕೊಳ್ಳಲಿ’ ಎಂದು ಹಿರಿಯರು ತಾರ್ನಾಕದ ಅವಳ ಮನೆಯ ಬಾಲ್ಕನಿಗೆ ಅವರನ್ನು ಕಳಿಸಿ ಎರಡು ನಿಮಿಷವೂ ಆಗಿರಲಿಲ್ಲ.

ಅವನ ಮುಖವೂ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ವರನ ಕಡೆಯವರು ಬಂದಾಗ ಹುಡುಗಿ ಕನ್ನಡಕ ಹಾಕಬಾರದು ಎಂಬುದು ಅವ್ವ ಪಾರ್ವತಿಬಾಯಿಯ ಕಾನೂನು. ದಪ್ಪ ಗಾಜಿನ ಆ ಕನ್ನಡಕವಿಲ್ಲದೆ ಶಿವಪ್ರಕಾಶ ಅವಳ ಪಾಲಿಗೆ ಒಂದು ನೀಲಿ ಅಂಗಿ, ಒಂದು ದನಿ, ಅಷ್ಟೇ. ಒಳಗೆ ಕೂತ ಅವನ ಅಪ್ಪ ಇನ್ನೂ ವಿಚಿತ್ರ... ಮೇ ತಿಂಗಳ ಸೆಕೆಯಲ್ಲಿ ಕಿವಿ ಮುಚ್ಚುವ ಉಣ್ಣೆಯ ಟೋಪಿ!

“ಚಷ್ಮಾ ಒತ್ತಿ ಆಗಿದ್ದು,” ಎಂದಳು ಬಿಗಿಯಾಗಿ.

“ಚಷ್ಮಾ ಒತ್ತೂ ಜಾಗಾ ಅದಲ್ರಿ. ಇದು ಕೆಳಗೈತಿ. ಪೌಡರ್ ಹಚ್ಚೀರಿ, ಆದ್ರೂ ರಕ್ತ ಬರಾಕತ್ತೈತಿ.”

ಮೂಗಿನ ಬದಿ ಮುಟ್ಟಿಕೊಂಡಳು. ಬೆರಳು ಒದ್ದೆಯಾಯಿತು.

“ನಮ್ಮದು ಕೊಂಡಾಪುರದಾಗ ಚಷ್ಮಾದ ಅಂಗಡಿ ರೀ. ದಿನಾ ಮಂದಿ ಮೂಗು ನೋಡೂದ ಕೆಲಸ.”

“ಹಂಗಾರ ಅಂಗಡ್ಯಾಗ ಕುಂತು ನೋಡ್ರಿ! ಇಲ್ಲಿಗ್ಯಾಕ ಬಂದ್ರಿ?”

“ಡಾಕ್ಟರಿಗೆ ತೋರಸ್ರಿ. ಭಾಳ ಲಗೂನ ತೋರಸ್ರಿ.”

“ಯಾಕ?”

ಅವನು ಏನೋ ಹೇಳಲು ಹೊರಟ. ಒಳಗಿನಿಂದ ಅವನ ತಾಯಿ ಗಟ್ಟಿಯಾಗಿ ಕೆಮ್ಮಿದರು. ಅವನು ಸುಮ್ಮನಾದ.

“ನನ್ನ ಮುಖದಾಗ ಐಬು ಹುಡಕಾಕ ಬಂದಿದ್ದ,” ಎಂದು ಅವಳು ಸಂಜೆ ಅವ್ವನಿಗೆ ಹೇಳಿದಳು. “ನಾ ಒಲ್ಲೆ ಅಂತ ತಿಳಿಸು.”

ಸಂಬಂಧ ಅಲ್ಲಿಗೆ ಮುರಿಯಿತು. ಆದರೆ ‘ಯಾಕ?’ ಮಾತ್ರ ಉಳಿಯಿತು.

ವಿಜಯಶ್ರೀ ಜೂನಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಉತ್ತರವಿಲ್ಲದ ಪ್ರಶ್ನೆ ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರು ಇದ್ದಂತೆ. ಗಾಯಕ್ಕೆ ಎರಡು ವರ್ಷವಾಗಿತ್ತು. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಮತ್ತೆ ರಕ್ತ. ಅವ್ವ ಅರಿಶಿನ ಹಚ್ಚುತ್ತಲೇ ಇದ್ದಳು.

ರಜೆ ಇತ್ತು. ವಿಜಯಶ್ರೀ ಒಂದು ಪ್ರಯೋಗ ಮಾಡಿದಳು. ಹದಿನೈದು ದಿನ ಕನ್ನಡಕ ಮುಟ್ಟಲಿಲ್ಲ. ಬಾಗಿಲಿಗೆ ಹಣೆ ಬಡಿಸಿಕೊಂಡಳು, ಉಪ್ಪೆಂದು ಸಕ್ಕರೆ ಹಾಕಿದಳು. ಗಾಯ ಮಾಯಲಿಲ್ಲ.

ಹಾಗಾದರೆ ತಪ್ಪು ಕನ್ನಡಕದ್ದಲ್ಲ...

ಚರ್ಮದ ಡಾಕ್ಟರು ಚಿಕ್ಕ ತುಣುಕೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದು ಬಂತು. ನಿಧಾನವಾಗಿ ಬೆಳೆಯುವಂಥದ್ದು, ದೇಹದ ಬೇರೆ ಕಡೆ ಹಬ್ಬುವುದು ತೀರಾ ಅಪರೂಪ, ಆದರೆ ಬಿಟ್ಟರೆ ಮೂಗನ್ನೇ ತಿನ್ನುತ್ತದೆ ಎಂದರು.

ಅವ್ವ ಅತ್ತಳು. ಕಣ್ಣೊರೆಸಿಕೊಂಡು ಮೊದಲು ಹೇಳಿದ್ದು: “ಯಾರ ಮುಂದೂ ಬಾಯಿ ಬಿಡಬ್ಯಾಡ. ಸ್ಕೂಟಿ ಮ್ಯಾಲಿಂದ ಬಿದ್ದಾಳ ಅಂತೀನಿ.”

ವಿಜಯಶ್ರೀಗೆ ಹೆದರಿಕೆಯಾಗಿತ್ತು. ಆದರೆ ಹೆದರಿಕೆಗಿಂತ ಒಂದು ತೂಕ ಹೆಚ್ಚಾಗಿದ್ದದ್ದು ಬೇರೆಯೇ.

‘ಡಾಕ್ಟರಿಗೇ ತುಣುಕು ಬೇಕಾತು. ಆ ಚಷ್ಮಾ ಅಂಗಡ್ಯಾಂವಗ ಬರೇ ನೋಡಿ ಹ್ಯಾಂಗ ಗೊತ್ತಾತು?’

ಶಸ್ತ್ರಕ್ರಿಯೆಯ ದಿನ ಮೂಗಿನ ಸುತ್ತ ಇಂಜೆಕ್ಷನ್ ಕೊಟ್ಟರು. ಅವಳಿಗೆ ಎಚ್ಚರವಿತ್ತು. ನೋವಿರಲಿಲ್ಲ, ಯಾರೋ ಎಳೆಯುವುದು, ಕತ್ತರಿಸುವುದು ಗೊತ್ತಾಗುತ್ತಿತ್ತು. ಸುಟ್ಟ ಕೂದಲಿನಂಥ ವಾಸನೆ ಬಂತು.

“ಅದು ನನ್ನ ವಾಸನೇನಾ?” ಎಂದು ಹಿಂದಿಯಲ್ಲಿ ಕೇಳಿದಳು.

“ಏಂ ಕಾದಮ್ಮಾ... ಏನೂ ಆಗೋದಿಲ್ಲಮ್ಮಾ, ರಕ್ತ ನಿಲ್ಲಿಸ್ತಿದ್ದೇವೆ,” ಎಂದು ಡಾಕ್ಟರು ನಕ್ಕರು.

ಕಿವಿಯ ಹಿಂದಿನಿಂದ ಚರ್ಮ ತೆಗೆದು ಮೂಗಿನ ಮೇಲೆ ಹೊಲಿದರು. ಪಟ್ಟಿ ಬಿಚ್ಚಿದ ದಿನ ಕನ್ನಡಿ ಕೇಳಿ ಪಡೆದಳು. ನೇರಳೆ ಬಣ್ಣದ, ಒಳಗೆ ಕುಸಿದ ಒಂದು ತೇಪೆ! ಆಗ ಮಾತ್ರ ಅತ್ತಳು. ಪರೀಕ್ಷೆಯಲ್ಲಿ ಅಂಚುಗಳೆಲ್ಲ ಶುದ್ಧ, ಕ್ಯಾನ್ಸರ್ ಉಳಿದಿಲ್ಲ ಎಂದು ಬಂದಿದೆ, ಬಣ್ಣ ತಿಳಿಯಾಗಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಮೂಗಿಗೆ ಕನ್ನಡಕದ ಭಾರ ಬೇಡ ಎಂದರು ಡಾಕ್ಟರು.

ಕಾಲೇಜು ಶುರುವಾಗುವುದರಲ್ಲಿತ್ತು. ಅವಳು ಕನ್ನಡಕವನ್ನು ಹಣೆಗೆ ಟೇಪಿನಿಂದ ಅಂಟಿಸಿಕೊಂಡು, ಮಾಸ್ಕ್ ಹಾಕಿಕೊಂಡು ಉತ್ತರ ಕೇಳಲು ಕೊಂಡಾಪುರದ ಶಿವಪ್ರಕಾಶನ ಅಂಗಡಿಗೆ ಹೊರಟಳು.

ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

ಅಂಗಡಿಯ ಬಾಗಿಲಲ್ಲೇ ಅವಳ ಕಾಲು ನಿಂತವು. ಗಲ್ಲಾಪೆಟ್ಟಿಗೆ ಮುಂದೆ ಅವನ ಅಪ್ಪ ಸಿದ್ದರಾಮಪ್ಪ ಕೂತಿದ್ದರು. ತಲೆ ಮೇಲೆ ಟೋಪಿ ಇರಲಿಲ್ಲ. ಎಡಗಿವಿ ಅರ್ಧವೇ ಇತ್ತು!

“ನಿಮ್ಮ... ಕಿವಿ?”

“ಡಾಕ್ಟರ್ ಕೊಯ್ದ ಇಟ್ಕೊಂಡ ನೋಡವಾ,” ಎಂದರು ಮುದುಕರು ಆರಾಮಾಗಿ. “ಸಣ್ಣ ಹಕ್ಕಳಿ ಅಂತ ಬಿಟ್ಟಿದ್ದೆ. ಲೇ ಶಿವೂ, ಗಿರಾಕಿ ಬಂದಾರ!”

ಶಿವಪ್ರಕಾಶ ಒಳಗಿನಿಂದ ಬಂದ. ಅಗಲ ಹಣೆ, ನಿದ್ದೆಗೆಟ್ಟ ಕಣ್ಣು, ಸ್ವಲ್ಪ ಸೊಟ್ಟ ಮೂಗು. ಇಷ್ಟು ದಿನ ಮನಸ್ಸಿನಲ್ಲೇ ಬೈದವನ ಮುಖವನ್ನು ಅವಳು ಮೊದಲ ಸಲ ನೋಡಿದಳು. ಅವನು ಮಾಸ್ಕನ್ನೂ ಟೇಪನ್ನೂ ನೋಡಿ ಬಿಳುಚಿಕೊಂಡ.

“ತೆಗಿಸಿದ್ರಾ?”

“ಬಾಲ್ಕನ್ಯಾಗ ಯಾಕ ಹೇಳಲಿಲ್ಲ? ನಿಮಗ ಗೊತ್ತಿತ್ತಲ್ಲ!”

“ಅನುಮಾನ ಇತ್ರಿ. ಅಪ್ಪನ ಕಿವಿ ಮ್ಯಾಲೂ ಹಿಂಗ ಇತ್ತು. ಮದುವಿ ಮಾತು ಮುಗಿಯೂತನಕ ಕ್ಯಾನ್ಸರ್ ಅನ್ನೂ ಶಬ್ದ ತೆಗೀಬಾರದು ಅಂತ ಅವ್ವ ಆಣಿ ಮಾಡಿಸಿದ್ಲು. ಅದಕ್ಕ ಅಪ್ಪಗ ಟೋಪಿ ಹಾಕಿಸಿ ಕರಕೊಂಡ ಬಂದಿದ್ವಿ.”

“ನಮ್ಮವ್ವ ನನ್ನ ಚಷ್ಮಾ ತೆಗೆಸಿ, ಪೌಡರ್ ಬಡದಿದ್ಲು,” ಎಂದಳು ವಿಜಯಶ್ರೀ.

ಇಬ್ಬರಿಗೂ ನಗು ಬಂತು. ನಕ್ಕರೆ ಅವಳಿಗೆ ಮೂಗು ಎಳೆಯುತ್ತಿತ್ತು.

“ಆಮ್ಯಾಲ ಫೋನಾದ್ರೂ ಮಾಡಬೇಕಿತ್ತು.”

“ಮಾಡಿದ್ನಿ. ‘ಆಕಿ ಸ್ಕೂಟಿ ಮ್ಯಾಲಿಂದ ಬಿದ್ದಾಳ, ಆರಾಮ ಅದಾಳ, ಮತ್ತ ಫೋನ್ ಮಾಡಬ್ಯಾಡ’ ಅಂದ್ರು ನಿಮ್ಮವ್ವ.”

ಅವಳು ಕುರ್ಚಿಯಲ್ಲಿ ಕೂತು ಮಾಸ್ಕ್ ತೆಗೆದಳು. ‘ಅಯ್ಯೋ ಪಾಪ ಅಂದ್ರ ಈಗಿಂದೀಗ ಎದ್ದ ಹೋಗ್ತೀನಿ...’

ಅವನು ಪಾಪ ಎನ್ನಲಿಲ್ಲ. ಹತ್ತಿರ ಬಂದು, ಕುತೂಹಲದಿಂದ ಕತ್ತು ಓರೆ ಮಾಡಿ ನೋಡಿದ.

“ಚರ್ಮ ಎಲ್ಲಿಂದ ತಗೊಂಡ್ರು?”

“ಕಿವಿ ಹಿಂದಿಂದ.”

“ಛಲೋ ಹೊಲಿದಾರ. ಆದ್ರ ಖರೇ ಹೇಳ್ತೀನಿ, ಮತ್ತ ಬರಬಹುದು. ಅಲ್ಲೇ ಬರಬಹುದು, ಬ್ಯಾರೆ ಕಡೆ ಬರಬಹುದು. ಅಪ್ಪಗ ಎರಡನೇ ಸಲ ಬೆನ್ನ ಮ್ಯಾಲ ಬಂತು. ನೋಡ್ಕೋತ ಇರಬೇಕು.”

“ಬೆನ್ನು, ಕುತ್ತಿಗಿ... ನನಗ ನಾ ಹ್ಯಾಂಗ ನೋಡ್ಕೊಳ್ಳಿ?”

“ಅದಕ್ಕ ಮನ್ಯಾಗ ಇನ್ನೊಬ್ರು ಬೇಕಲ್ರಿ,” ಎಂದ. ಎಂದಮೇಲೆ ಅವನ ಕಿವಿ ಕೆಂಪಾದವು. “ಕನಿಕರಕ್ಕ ಹೇಳಾಕತ್ತಿಲ್ಲ. ಒಪ್ಪಿಗಿ ಐತಿ ಅಂತ ಆವತ್ತ ಹೇಳಬೇಕಂತಿದ್ದೆ. ಮೊದಲ ಗಾಯದ್ದ ಕೇಳಿಬಿಟ್ಟೆ.”

ಸಿದ್ದರಾಮಪ್ಪ ದೊಡ್ಡದಾಗಿ ಆಕಳಿಸಿ, ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದರು.

ವಿಜಯಶ್ರೀ ಕುರ್ಚಿಯಲ್ಲಿ ತಿರುಗಿ ಕೂತು, ಜಡೆಯನ್ನು ಪಕ್ಕಕ್ಕೆ ಸರಿಸಿದಳು.

“ಹಂಗಾರ ಈಗಿಂದ ಶುರು ಮಾಡ್ರಿ. ಕಿವಿ ಹಿಂದ ಮಾಯ್ದೈತೇನು, ನೋಡಿ ಹೇಳ್ರಿ.”

“ಮುಟ್ಟಿ ನೋಡ್ಲೇನ್ರಿ?”

“ಕೈ ತೊಳಕೊಂಡ ಬರ್ರಿ ಮೊದಲ!”