ಹನ್ನೊಂದು ನಲವತ್ತರ ಗೆರೆ

ಪ್ರಿಂಟರ್ ಕಿರ್ರ್ ಕಿರ್ರ್ ಎಂದು ಅರಚಿ ಸುಮ್ಮನಾಯಿತು. ಶೋಭನಾ ಮಿಸ್ ಉದ್ದನೆಯ ಕಾಗದವನ್ನು ಹರಿದು ಶ್ರಾವ್ಯಾಳ ಕೈಗೆ ಕೊಟ್ಟರು.

ಭಿನ್ನರಾಶಿ: ನೂರಕ್ಕೆ ಅರವತ್ತೊಂದು. ಗ್ರೂಪ್ ಸಿ.

ಶ್ರಾವ್ಯಾ ಮೇಲಿದ್ದ ಹೆಸರನ್ನು ಎರಡು ಸಲ ಓದಿದಳು. ಅವಳದೇ ಹೆಸರು, ಅವಳದೇ ರೋಲ್ ನಂಬರ್. ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಲೆಕ್ಕ ತಪ್ಪಿದರೂ ಊಟ ಬಿಡುವ ಹುಡುಗಿ ಅವಳು. ಅಂಥವಳಿಗೆ ಲೆಕ್ಕ ಬಾರದವರ ಗ್ರೂಪ್ ಸಿ ಎಂದರೆ ಹೇಗೆ?

ಕೋಲ್ಕತ್ತಾದ ಟಾಲಿಗಂಜ್‌ನ ಆ ಶಾಲೆಗೆ, ಸಾಫ್ಟ್‌ವೇರ್ ಕಂಪನಿಗಳ ಬಡಾವಣೆ ಸೆಕ್ಟರ್ ಫೈವ್‌ನ ಒಂದು ಕಂಪನಿ ಹೊಸ ಪ್ರೋಗ್ರಾಂ ಕೊಟ್ಟು ಒಂದೂವರೆ ತಿಂಗಳಾಗಿತ್ತು. ಯಾರು ಯಾವ ಲೆಕ್ಕವನ್ನು ಎಷ್ಟು ಗಂಟೆಗೆ ಮಾಡಿದರು, ಉತ್ತರ ಏನು, ಸರಿಯೋ ತಪ್ಪೋ, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತಿತ್ತು; ದಿನದಿನದ ಆ ಪಟ್ಟಿಯೇ ಕಾಗದದ ಉದ್ದಕ್ಕೂ ಇತ್ತು. ತಪ್ಪಾದರೆ ಪರದೆಯ ಮೇಲೆ ಒಂದು ಇಲಿಶ್ ಮೀನು ಈಜುತ್ತ ಬಂದು, ಸಂದೇಶ್ ಮಿಠಾಯಿಯನ್ನು ತುಂಡು ಮಾಡಿ ತೋರಿಸಿ, ಮತ್ತೆ ಹೇಳಿಕೊಡುತ್ತಿತ್ತು.

ಗ್ರೂಪ್ ಎ ಸೇರಿದವರನ್ನು ಶನಿವಾರ ಬಸ್ಸಿನಲ್ಲಿ ಸೆಕ್ಟರ್ ಫೈವ್‌ಗೆ ಕರೆದೊಯ್ಯುತ್ತಾರೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಂಪ್ಯೂಟರ್, ಇನ್ನೂ ಯಾರೂ ನೋಡದ ಹೊಸ ಪಾಠಗಳು. ಶ್ರಾವ್ಯಾ ಆ ಬಸ್ಸಿನಲ್ಲಿ ಕಿಟಕಿ ಸೀಟನ್ನೂ ಮನಸ್ಸಿನಲ್ಲೇ ಆರಿಸಿಟ್ಟಿದ್ದಳು.

ಕಂಪ್ಯೂಟರ್ ತಪ್ಪು ಮಾಡಿದೆ ಎಂದು ಅವಳು ಮಿಸ್‌ಗೆ ಹೇಳಿದಳು. ಅದಕ್ಕೆ ನಿನ್ನ ಮೇಲೇನು ಸಿಟ್ಟು, ಕಂಡದ್ದನ್ನು ಬರೆಯುತ್ತದೆ ಎಂದರು ಮಿಸ್. ಶುಕ್ರವಾರ ಗ್ರೂಪುಗಳ ಪಟ್ಟಿ ಹಾಕುತ್ತೇವೆ, ಅಷ್ಟರಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಿದರೆ ನೋಡೋಣ ಎಂದೂ ಹೇಳಿದರು.

ಪಕ್ಕದಲ್ಲಿದ್ದ ಸುಮಂತನ ಕಾಗದ ಬಹುತೇಕ ಖಾಲಿ. ‘ಮಾಹಿತಿ ಸಾಲದು. ಗ್ರೂಪ್ ಬಿ’ ಎಂದಷ್ಟೇ ಇತ್ತು. ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಶ್ರಾವ್ಯಾಳ ಮುಖ ನೋಡದೆ ಹೋಗಿಬಿಟ್ಟ.

ಸಂಜೆ ಅಪ್ಪ ಹೊನ್ನಪ್ಪ ಕೆಲಸದಿಂದ ಬಂದಾಗ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಗಾರ್ಡನ್ ರೀಚ್‌ನ ಹಡಗು ಕಾರ್ಖಾನೆಯಲ್ಲಿ ವೆಲ್ಡಿಂಗ್ ಪರೀಕ್ಷೆ ಮಾಡುವುದು ಅವರ ಕೆಲಸ. ಕನ್ನಡಕ ಹಾಕಿಕೊಂಡು, ಹಡಗಿನ ನಕ್ಷೆ ಓದುವ ಹಾಗೆ ಆ ಕಾಗದವನ್ನೂ ಉದ್ದಕ್ಕೆ ಓದಿದರು.

"ಎಕ್ಸ್‌ರೇದಾಗ ವೆಲ್ಡಿಂಗ್ ಕೆಟ್ಟದ್ದು ಕಂಡ್ರ ನಾವು ಮೊದಲ ಬೈಯೂದಿಲ್ಲವ್ವಾ. ಬಾಜೂಕ ಹೊಡದ ನಂಬರ್ ನೋಡ್ತೀವಿ. ಒಬ್ಬೊಬ್ಬ ವೆಲ್ಡರಗೂ ಒಂದೊಂದು ನಂಬರ್ ಇರ್ತದ. ಯಾರ ಕೈ ಅಂತ ತಿಳಿದ ಮ್ಯಾಲೆ ಮುಂದಿನ ಮಾತು." ಅಪ್ಪ ಕಾಗದ ತಿರುಗಿಸಿ ಕೇಳಿದರು, "ಇದರಾಗಿಂದು ಎಲ್ಲಾ ನಿಂದ ಕೈಯೇನು?"

ಶ್ರಾವ್ಯಾ ಪಟ್ಟಿಯಲ್ಲಿದ್ದ ಗಂಟೆಗಳ ಮೇಲೆ ಬೆರಳಾಡಿಸಿದಳು.

ಲ್ಯಾಬ್ ಪೀರಿಯಡ್ ಹನ್ನೊಂದು ಇಪ್ಪತ್ತಕ್ಕೆ ಶುರು. ಒಂದು ಕಂಪ್ಯೂಟರಿಗೆ ಇಬ್ಬರು. ಏಳನೇ ಕಂಪ್ಯೂಟರ್ ಅವಳಿಗೂ ಸುಮಂತನಿಗೂ. ಹನ್ನೊಂದು ನಲವತ್ತಕ್ಕೆ ಅವಳು ಲಾಗ್‌ಔಟ್ ಮಾಡಬೇಕು, ಅವನು ತನ್ನ ಹೆಸರಿನಲ್ಲಿ ಲಾಗಿನ್ ಮಾಡಬೇಕು. ಆದರೆ ಏಳನೇ ಕಂಪ್ಯೂಟರ್ ಲಾಗ್‌ಔಟ್ ಒತ್ತಿದರೆ ಸಾಕು, ಹ್ಯಾಂಗ್ ಆಗುತ್ತಿತ್ತು. ಮತ್ತೆ ಏಳಲು ಹತ್ತು ನಿಮಿಷ. "ಲಾಗ್‌ಔಟ್ ಯಾಕೆ, ಸುಮ್ಮನೆ ಬಂದು ಕೂತ್ಕೋ" ಎಂದು ಸುಮಂತನಿಗೆ ಮೊದಲ ದಿನವೇ ಹೇಳಿದವಳು ಯಾರು? ಶ್ರಾವ್ಯಾಳೇ.

ಅದನ್ನೆಲ್ಲ ಕೇಳಿ ಅಪ್ಪ ನಕ್ಕುಬಿಟ್ಟರು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿಧಂಗಾತು."

ಕೋಲ್ಕತ್ತಾದಲ್ಲೇ ಹುಟ್ಟಿದ ಶ್ರಾವ್ಯಾಳಿಗೆ ಆ ಗಾದೆಯನ್ನು ಬಿಡಿಸಿ ಹೇಳಬೇಕಾಯಿತು. ಅರ್ಥವಾದದ್ದೇ ತಡ, ಅವಳು ಕೆಂಪು ಪೆನ್ಸಿಲ್ ಮತ್ತು ಸ್ಕೇಲ್ ತಂದಳು. ಪ್ರತಿ ದಿನದ ಪಟ್ಟಿಯಲ್ಲೂ ಹನ್ನೊಂದು ನಲವತ್ತು ಎಲ್ಲಿದೆ ಎಂದು ಹುಡುಕಿ ಗೆರೆ ಎಳೆದಳು. ಗೆರೆಯ ಮೇಲೆಲ್ಲ ರೈಟ್. ಗೆರೆಯ ಕೆಳಗೆ ರಾಶಿ ರಾಶಿ ತಪ್ಪು. ಸುಮಂತ ಚಿಕನ್ ಪಾಕ್ಸ್ ಆಗಿ ರಜೆಯಲ್ಲಿದ್ದ ವಾರ ಮಾತ್ರ ಮೇಲೂ ರೈಟ್, ಕೆಳಗೂ ರೈಟ್.

ಇದಕ್ಕಿಂತ ಸಾಕ್ಷಿ ಬೇಕೇ? ಅವಳು ಕುಣಿದ ಕುಣಿತಕ್ಕೆ ಅಡುಗೆಮನೆಯಿಂದ ಅವ್ವ ಇಣುಕಿದಳು.

ಮರುದಿನ ಬೆಳಿಗ್ಗೆ ಕಾಗದವನ್ನು ಮೊದಲು ಸುಮಂತನಿಗೇ ತೋರಿಸಿದಳು. ಅವನ ಕಿವಿ ಕೆಂಪಾಯಿತು.

"ಮಿಸ್‌ಗೆ ತೋರಿಸ್ತೀಯಾ? ನಂಗೆ ಏನೂ ಬರಲ್ಲ ಅಂತ ಎಲ್ರಿಗೂ ಗೊತ್ತಾಗುತ್ತೆ."

ತೋರಿಸದಿದ್ದರೆ ಬಸ್ಸು ಹೋಯಿತು. ತೋರಿಸಿದರೆ ಸುಮಂತನ ಮರ್ಯಾದೆ ಹೋಯಿತು. ಶ್ರಾವ್ಯಾ ಮತ್ತೆ ಕಾಗದದ ಮೇಲೆ ಕಣ್ಣಾಡಿಸಿದಳು. ನಿನ್ನೆಯೆಲ್ಲ ಅವಳು ನೋಡಿದ್ದು ತನ್ನ ರೈಟುಗಳನ್ನು. ಗೆರೆಯ ಕೆಳಗಿನದನ್ನು ಸಾಲು ಸಾಲಾಗಿ ಓದಿದ್ದು ಈಗಲೇ.

ಮೊದಲ ವಾರ ಎಲ್ಲ ತಪ್ಪು. ಅರ್ಧಕ್ಕೆ ಮೂರನೇ ಒಂದು ಕೂಡಿಸು ಎಂದರೆ ಪ್ರತಿ ಸಲವೂ ಐದನೇ ಎರಡು. ಮೂರನೇ ವಾರ ನಡುವೆ ಎರಡು ರೈಟ್. ಆಮೇಲೆ ನಾಲ್ಕು. ಹೋದ ಸೋಮವಾರ ಒಂದೇ ಒಂದು ತಪ್ಪು. ಅದೇ ಲೆಕ್ಕಕ್ಕೆ ಉತ್ತರ: ಆರನೇ ಐದು. ರೈಟ್.

"ಸುಮಂತ, ಇಲ್ನೋಡು."

ಅವನು ನೋಡಿದ. ನಂಬಲಿಲ್ಲ. "ಇದು ನೀನು ಮಾಡಿರ್ಬೇಕು."

"ಗೆರೆ ಕೆಳಗಿದೆ. ಆಗ ನಾನು ಕಿಟಕಿ ಹತ್ರ ನಿಂತು ಟ್ರಾಮ್ ನೋಡ್ತಿದ್ದೆ."

ಸುಮಂತ ಬೆರಳಿಟ್ಟು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಅಷ್ಟು ಸಾರಿ ಹೇಳಿಕೊಟ್ಟರೂ ಮೀನು ಒಮ್ಮೆಯೂ ಬೈಯಲಿಲ್ಲ ಎಂದು ಮೆಲ್ಲಗೆ ಹೇಳಿದ. ಮರುಗಳಿಗೆ ಕಾಗದವನ್ನು ಅವಳ ಕೈಯಿಂದ ಕಿತ್ತುಕೊಂಡು ಸ್ಟಾಫ್ ರೂಮಿನ ಕಡೆಗೆ ಓಡಿದ. ಶ್ರಾವ್ಯಾ ಏದುಸಿರು ಬಿಡುತ್ತ ಹಿಂದೆ ಓಡಿದಳು.

ಶೋಭನಾ ಮಿಸ್ ಗೆರೆಗಳನ್ನು ನೋಡಿದರು, ಏಳನೇ ಕಂಪ್ಯೂಟರಿನ ಕತೆ ಕೇಳಿದರು. ಮೊದಲೇ ಹೇಳಲಿಲ್ಲ ಎಂದು ಇಬ್ಬರಿಗೂ ಸ್ವಲ್ಪ ಬೈದರು. ಆಮೇಲೆ ಸುಮಂತನ ಖಾಲಿ ಕಾಗದ ತರಿಸಿ, ಗೆರೆಯ ಕೆಳಗಿನ ಲೆಕ್ಕವನ್ನೆಲ್ಲ ಅದರ ಮೇಲೆ ತಮ್ಮ ಕೈಯಾರೆ ಬರೆದರು. ಶ್ರಾವ್ಯಾಳ ಕಾಗದದಲ್ಲಿ ‘ಸಿ’ಗೆ ಅಡ್ಡಗೆರೆ ಹೊಡೆದು ದೊಡ್ಡದಾಗಿ ‘ಎ’ ಹಾಕಿದರು. ನಿನಗೆ ಯಾವ ಗ್ರೂಪ್ ಸರಿ ಎನ್ನಿಸುತ್ತದೆ ಎಂದು ಸುಮಂತನನ್ನೇ ಕೇಳಿದರು.

"ಸದ್ಯಕ್ಕೆ ಸಿ, ಮಿಸ್. ಅಲ್ಲಿ ಮೀನು ಜಾಸ್ತಿ ಬರುತ್ತೆ."

ಶನಿವಾರ ಶ್ರಾವ್ಯಾಳಿಗೆ ಕಿಟಕಿ ಸೀಟು ಸಿಕ್ಕಿತು. ಹೊಸ ಪಾಠದ ಲೆಕ್ಕಗಳು ಕಬ್ಬಿಣದ ಕಡಲೆಯಂತಿದ್ದವು. ಒಂದನ್ನೂ ಬಿಡದೆ ಅಗಿದು ಮುಗಿಸಿ ಬಂದಳು.

ಸೋಮವಾರ ಹನ್ನೊಂದು ನಲವತ್ತಕ್ಕೆ ಅವಳು ಲಾಗ್‌ಔಟ್ ಒತ್ತಿದಳು. ಏಳನೇ ಕಂಪ್ಯೂಟರ್ ಎಂದಿನಂತೆ ಹ್ಯಾಂಗ್ ಆಯಿತು. ಇಬ್ಬರೂ ಹತ್ತು ನಿಮಿಷ ಕಪ್ಪು ಪರದೆ ನೋಡುತ್ತ ಕೂತರು. ಅದು ಎದ್ದಾಗ ಸುಮಂತ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರನ್ನು ಒತ್ತಿದ. ಪರದೆಯ ಮೇಲೆ ಅವನ ಹೆಸರು ದೊಡ್ಡದಾಗಿ ಮೂಡಿತು. ಅವನು ಅದನ್ನೇ ನೋಡುತ್ತ ಕೂತ. ಗಂಟೆ ಹೊಡೆದಾಗ ಅವನಿನ್ನೂ ನಾಲ್ಕನೇ ಲೆಕ್ಕದಲ್ಲಿದ್ದ.

ಬುಧವಾರ ಶ್ರಾವ್ಯಾಳ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಅವಳು ಲಾಗ್‌ಔಟ್ ಒತ್ತಿ, ಎದ್ದು ಕುರ್ಚಿ ಬಿಟ್ಟುಕೊಟ್ಟಳು.